ಹೆಸರಿಗೆ ಎಂಬತ್ತು ಕೋಟಿ, ರಬ್ಬರಿಗೆ ದಿಕ್ಕಿಲ್ಲ

ನಾಸಿಕ್ ಎಂದರೆ ಬಹುಪಾಲು ಜನರಿಗೆ ಕುಂಭಮೇಳ, ದ್ರಾಕ್ಷಿ, ಈರುಳ್ಳಿ. ವಾಹನ ಉದ್ಯಮದವರಿಗೆ ಅದು ಬೇರೆಯೇ ಊರು. ಸಾತ್ಪುರದಲ್ಲಿ ಮಹೀಂದ್ರಾ ಕಾರ್ಖಾನೆ ಇದೆ. ಸ್ಕಾರ್ಪಿಯೊ, ಥಾರ್ ರಸ್ತೆಗಿಳಿದದ್ದು ಅಲ್ಲಿಂದ. ಬೆಂಗಳೂರಿನವರು ಇಂದಿಗೂ ಮೈಕೋ ಎಂದೇ ಕರೆಯುವ ಬಾಷ್ ಕಂಪನಿಯ ಡೀಸೆಲ್ ಇಂಜೆಕ್ಟರ್ ಘಟಕ ಇರುವುದೂ ಆ ಊರಲ್ಲೇ. ಸಿಯೆಟ್ ಟೈರು, ಗೇಬ್ರಿಯಲ್ ಶಾಕ್ ಅಬ್ಸಾರ್ಬರ್ ಕೂಡ ಅಲ್ಲಿ ತಯಾರಾಗುತ್ತವೆ. ಅಲ್ಲಿಂದ ಪೂರ್ವಕ್ಕೆ ಸುಮಾರು 200 ಕಿ.ಮೀ. ಹೋದರೆ ಛತ್ರಪತಿ ಸಂಭಾಜಿನಗರ. 2023ರಲ್ಲಿ ಹೆಸರು ಬದಲಾಗುವವರೆಗೆ ಔರಂಗಾಬಾದ್. ಅದರ ಮಗ್ಗುಲಿನ ವಾಳೂಜ್‌ನಲ್ಲಿ 1985ರಲ್ಲಿ ಬಜಾಜ್ ಕಾರ್ಖಾನೆ ಶುರುವಾಯಿತು. ಅದರ ಸುತ್ತ ಬಿಡಿಭಾಗ ಮಾಡುವ ಘಟಕಗಳು ಒಂದರ ಪಕ್ಕ ಒಂದು ಎದ್ದವು. ಅಚ್ಚಿನ ಎರಕ, ಬ್ರೇಕು, ಸಸ್ಪೆನ್ಷನ್ ಮಾಡುವ ಎಂಡ್ಯೂರೆನ್ಸ್, ಪ್ಲಾಸ್ಟಿಕ್ಕು ಮತ್ತು ದೀಪಗಳ ವೆರಾಕ್ ಬೆಳೆದು ದೊಡ್ಡವಾದದ್ದು ಇಲ್ಲೇ. 2001ರಲ್ಲಿ ಊರಿನ ಇನ್ನೊಂದು ದಿಕ್ಕಿನ ಶೇಂದ್ರಾದಲ್ಲಿ ಸ್ಕೋಡಾ ಕಾರುಗಳ ಜೋಡಣೆ ಆರಂಭವಾಯಿತು.

ಈ ಎರಡು ಊರುಗಳಲ್ಲಿ ಒಂದು ವಾಹನಕ್ಕೆ ಬೇಕಾದ ಬಹುತೇಕ ಎಲ್ಲವನ್ನೂ ಮಾಡಬಲ್ಲ ಯಂತ್ರಗಳಿವೆ, ಕೈಗಳಿವೆ, ಲೋಹ ಮತ್ತು ರಬ್ಬರಿನ ಜ್ಞಾನವಿದೆ. ಆದರೆ ಇದೇ ಊರುಗಳಲ್ಲಿ 1970ರ ದಶಕದ ಫಿಯೆಟ್ ಒಂದನ್ನು ಮರುಜೀವಗೊಳಿಸಲು ಹೊರಟವನಿಗೆ ಮುಂದಿನ ಗಾಜಿನ ಸುತ್ತಲಿನ ಒಳ್ಳೆಯ ರಬ್ಬರ್ ಸಿಗುವುದಿಲ್ಲ. ಹಳೆಯ ಜೀಪಿಗೆ ಅಳತೆಗೆ ಕೂರುವ ಬಾನೆಟ್ ಕೊಂಡಿ ಸಿಗುವುದಿಲ್ಲ. ಸಿಕ್ಕರೂ ಅದು ಮುಂಬಯಿಯ ಕುರ್ಲಾದಿಂದಲೋ ಚೋರ್ ಬಜಾರಿನಿಂದಲೋ ದೆಹಲಿಯ ಕಾಶ್ಮೀರಿ ಗೇಟಿನಿಂದಲೋ ಬರುತ್ತದೆ; ಯಾರು ಮಾಡಿದರು, ಯಾವ ವಸ್ತುವಿನಿಂದ ಮಾಡಿದರು, ಯಾವ ವರ್ಷ ಮಾಡಿದರು ಎಂಬ ಒಂದು ಗೆರೆಯೂ ಅದರ ಮೇಲಿರುವುದಿಲ್ಲ.

ಇದನ್ನು ಹವ್ಯಾಸಿಗಳ ಗೊಣಗಾಟ ಎಂದು ತಳ್ಳಿಹಾಕುವುದು ಸುಲಭ. ಇದು ಕೆಲವು ಸಿರಿವಂತರ ಶೋಕಿಯ ಪ್ರಶ್ನೆ, ಮಾರುಕಟ್ಟೆ ಚಿಕ್ಕದು, ಅದಕ್ಕೇ ಯಾರೂ ಮಾಡುವುದಿಲ್ಲ ಎಂಬುದು ರೂಢಿಯ ಉತ್ತರ. ಈ ಉತ್ತರ ತಪ್ಪು. ಒಳ್ಳೆಯ ಮರುತಯಾರಿ ಭಾಗಗಳು ಸಿಗದಿರುವುದಕ್ಕೆ ಮುಖ್ಯ ಕಾರಣ ಮಾರುಕಟ್ಟೆಯ ಗಾತ್ರವಲ್ಲ. ಹಳೆಯ ವಾಹನದ ಹೆಸರನ್ನು ಆಸ್ತಿ ಎಂದು, ಅದರ ನಕ್ಷೆ ಮತ್ತು ಅಚ್ಚುಗಳನ್ನು ಗುಜರಿ ಎಂದು ಕಾಣುವ ಉದ್ಯಮದ ಅಭ್ಯಾಸ. ಅದನ್ನು ಪ್ರಶ್ನಿಸದ ಸರ್ಕಾರ. ಕಳಪೆಯನ್ನೇ ಚೌಕಾಸಿ ಮಾಡಿ ಕೊಳ್ಳುವ ಮಾಲೀಕರು — ಈ ಮೂವರು ಸೇರಿ ಈ ಸ್ಥಿತಿ ತಂದಿದ್ದಾರೆ.

ಮೊದಲು, ಕಳಪೆ ಎಂದರೆ ಏನು ಎಂಬುದು ಸ್ಪಷ್ಟವಾಗಬೇಕು. ಹಳೆಯ ಕಾರಿಗೆ ಭಾಗ ಹುಡುಕುವವನ ಮುಂದೆ ಮೂರು ದಾರಿಗಳಿವೆ. ಒಂದು, ಗುಜರಿಗೆ ಹೋದ ಇನ್ನೊಂದು ಕಾರಿನಿಂದ ಬಿಚ್ಚಿದ್ದು. ಎರಡು, ಕಂಪನಿಯ ಕಾಲದಲ್ಲೇ ತಯಾರಾಗಿ ಯಾವುದೋ ಅಂಗಡಿಯ ಅಟ್ಟದ ಮೇಲೆ ಉಳಿದ ಹಳೆಯ ದಾಸ್ತಾನು. ಮೂರು, ಈಗ ಹೊಸದಾಗಿ ನಕಲು ಮಾಡಿದ್ದು. ಗೇರಿನ ಚಕ್ರ, ಆಕ್ಸಲ್, ಹಿತ್ತಾಳೆ ಕಾರ್ಬುರೇಟರ್ ಜೆಟ್‌ಗಳಂಥವಕ್ಕೆ ಮೊದಲಿನ ಎರಡು ದಾರಿ ನಡೆಯುತ್ತದೆ. ರಬ್ಬರಿಗೆ ನಡೆಯುವುದಿಲ್ಲ. ರಬ್ಬರ್ ಕಪಾಟಿನಲ್ಲಿ ಕೂತರೂ ಮುಪ್ಪಾಗುತ್ತದೆ. ಮೂವತ್ತು ವರ್ಷ ಪೊಟ್ಟಣದಲ್ಲೇ ಇದ್ದ 'ಒರಿಜಿನಲ್' ಬ್ರೇಕ್ ವಾಷರ್, ಮುದ್ರೆ ಅಳಿಸದಿದ್ದರೂ ಒಳಗೆ ಗಡುಸಾಗಿ ಬಿರಿಯಲು ಕಾದಿರುತ್ತದೆ. ಬ್ರೇಕಿನ ಹೋಸು, ಸಿಲಿಂಡರಿನ ಸೀಲು, ಪೆಟ್ರೋಲ್ ಪಂಪಿನ ಡಯಾಫ್ರಂ, ಎಂಜಿನ್ ಮೌಂಟಿಂಗು, ಬಾಗಿಲ ಬೀಡಿಂಗು — ಇಷ್ಟಕ್ಕೂ ಹೊಸದಾಗಿ ಮಾಡಿದ್ದೇ ಬೇಕು. ಎಂದರೆ ಜೀವಕ್ಕೆ ಸಂಬಂಧಿಸಿದ ಭಾಗಗಳಿಗೇ ಮರುತಯಾರಿ ಬಿಟ್ಟು ಬೇರೆ ದಾರಿ ಇಲ್ಲ.

ಪ್ರೀಮಿಯರ್ ಪದ್ಮಿನಿಯನ್ನೇ ನೋಡಬಹುದು. 1089 ಸಿ.ಸಿ. ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು, ನಾಲ್ಕೂ ಗಾಲಿಗೆ ಡ್ರಂ ಬ್ರೇಕು. ಆ ಕಾಲದ ಬಹುತೇಕ ಕಾರುಗಳಲ್ಲಿ ಬ್ರೇಕಿನ ಎಣ್ಣೆಗೆ ಒಂದೇ ಮಾರ್ಗ. ಇಂದಿನ ಕಾರಿನಲ್ಲಿ ಒಂದು ಮಾರ್ಗ ಸೋರಿದರೆ ಇನ್ನೊಂದು ಕಾಯುತ್ತದೆ. ಅಲ್ಲಿ ಒಂದು ಸೀಲು ಹೋದರೆ ನಾಲ್ಕೂ ಗಾಲಿಯ ಬ್ರೇಕು ಹೋಯಿತು. ಹಳೆಯ ಟೈರಿನ ಪುಡಿ ಬೆರೆಸಿ ಎರಕ ಹೊಯ್ದ ಸೀಲಿಗೂ ಸರಿಯಾದ ಗಡಸುತನದ ರಬ್ಬರಿನಿಂದ ಮಾಡಿದ ಸೀಲಿಗೂ ಅಂಗಡಿಯ ಮೇಜಿನ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಕಪ್ಪು, ಎರಡೂ ದುಂಡು. ವ್ಯತ್ಯಾಸ ಕಾಣುವುದು ಕಸಾರಾ ಘಾಟಿಯ ಇಳಿಜಾರಿನಲ್ಲಿ.

ಇದಕ್ಕೆ ಈಗ ಇಂಧನದ ಕಾಟವೂ ಸೇರಿಕೊಂಡಿದೆ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಗಾಳಿಗೆ ಅದು ಒಳ್ಳೆಯದಾಯಿತು. ಆದರೆ ಸೀಸದ ಲೇಪದ ಮೇಲೆ ಅವಲಂಬಿಸಿದ್ದ ಹಳೆಯ ಎಂಜಿನ್‌ಗಳ ಎಕ್ಸಾಸ್ಟ್ ವಾಲ್ವಿನ ಪೀಠಗಳು ಸವೆಯತೊಡಗಿದವು, ಗಡುಸಾದ ಪೀಠಗಳನ್ನು ಕೂರಿಸಬೇಕಾಯಿತು. ಈಗ ಬಂಕುಗಳಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ, ನಿಂತ ಕಾರಿನ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ, ಅದಕ್ಕೆ ಹೊಂದದ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ. ಹಳೆಯ ಕಾರಿನ ಪೆಟ್ರೋಲ್ ಕೊಳವೆ, ಪಂಪಿನ ಡಯಾಫ್ರಂ, ಕಾರ್ಬುರೇಟರಿನ ಗ್ಯಾಸ್ಕೆಟ್ — ಇವೆಲ್ಲ ಈ ಇಂಧನವನ್ನು ಕಂಡೇ ಇಲ್ಲ. ಎಥನಾಲ್ ತಡೆಯುವ ರಬ್ಬರ್ ಲೋಕದಲ್ಲಿ ಇಲ್ಲವೇ? ಇದೆ; ಹೊಸ ವಾಹನಗಳಿಗೆ ಬಳಕೆಯಾಗುತ್ತಿದೆ. ಹಳೆಯ ಅಳತೆಯಲ್ಲಿ, ಹೊಸ ರಬ್ಬರಿನಲ್ಲಿ, ಹೆಸರು ಹಾಕಿ ಮಾಡಿಕೊಡುವವರು ಸಿಗುತ್ತಿಲ್ಲ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರುವುದನ್ನು ಶೋಕಿಯ ಸಮಸ್ಯೆ ಎಂದು ಕರೆಯಲಾಗದು.

ಜೀಪಿನ ಕಥೆ ಇನ್ನೂ ವಿಚಿತ್ರ. ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿಗೆ ಬಿಡಿಬಿಡಿಯಾಗಿ ಬಂದಿಳಿದ ವಿಲ್ಲಿಸ್ ಜೀಪುಗಳಿಂದ ಮಹೀಂದ್ರಾದ ವಾಹನ ವ್ಯವಹಾರ ಶುರುವಾಯಿತು. ಆ ಅಮೆರಿಕನ್ ಜೀಪಿನ ಬೋಲ್ಟುಗಳದ್ದು ಇಂಚಿನ ಲೆಕ್ಕ. ಮುಂದೆ ಫ್ರಾನ್ಸಿನ ಪ್ಯೂಜೊ ಡೀಸೆಲ್ ಎಂಜಿನ್ ಅದರೊಳಗೆ ಬಂತು; ಅದರದ್ದು ಮಿಲಿಮೀಟರ್ ಲೆಕ್ಕ. ಒಂದೇ ಗಾಡಿಯಲ್ಲಿ ಎರಡು ಭಾಷೆ. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿ.ಮೀ.; ಅದರ ಬದಲಿಗೆ 8 ಮಿ.ಮೀ. ಬೋಲ್ಟನ್ನು ಕೊಟ್ಟರೆ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯ ಸುತ್ತಿಗೆ ಮರೆಯನ್ನೇ ಕಿತ್ತು ಹಾಕುತ್ತದೆ. ಇಂಥ ಸೂಕ್ಷ್ಮಗಳು ನಕ್ಷೆಯಲ್ಲಿರುತ್ತವೆ. ನಕ್ಷೆ ಇಲ್ಲದವನು ಸವೆದ ಹಳೆಯ ತುಂಡೊಂದನ್ನು ಅಳೆದು ಅಚ್ಚು ಮಾಡುತ್ತಾನೆ. ಆಗ ಆ ತುಂಡಿನ ಸವೆತವೂ ಹೊಸ ಭಾಗಕ್ಕೆ ಬಳುವಳಿಯಾಗಿ ಬರುತ್ತದೆ. ಮಾರುಕಟ್ಟೆಯ 'ಡೂಪ್ಲಿಕೇಟ್' ಭಾಗ ಯಾಕೆ ಎಂದೂ ಸರಿಯಾಗಿ ಕೂರುವುದಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಮಾಡಿದವನು ದಡ್ಡನಲ್ಲ. ಅವನಿಗೆ ಮೂಲ ಅಳತೆ ತೋರಿಸಿದವರಿಲ್ಲ.

ಹಾಗಾದರೆ ಮೂಲ ನಕ್ಷೆಗಳು ಕಂಪನಿಗಳ ಹಕ್ಕಲ್ಲವೇ? ಬೇರೆಯವರು ನಕಲು ಮಾಡಿದರೆ ಕಾನೂನು ಸುಮ್ಮನಿರುತ್ತದೆಯೇ? ಈ ಹೆದರಿಕೆ ಸಣ್ಣ ವರ್ಕ್‌ಶಾಪುಗಳಲ್ಲಿ ಬೇರೂರಿದೆ. ಕಾನೂನು ಹೇಳುವುದೇ ಬೇರೆ. 2000ದ ವಿನ್ಯಾಸ ಕಾಯಿದೆಯ ಪ್ರಕಾರ ನೋಂದಾಯಿತ ವಿನ್ಯಾಸಕ್ಕೆ ರಕ್ಷಣೆ ಹತ್ತು ವರ್ಷ, ವಿಸ್ತರಿಸಿದರೆ ಇನ್ನೈದು. ಪೇಟೆಂಟಿಗೆ 20 ವರ್ಷ. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದ ಮೇಲೆ ಅದರ ಮೇಲಿನ ಕೃತಿಸ್ವಾಮ್ಯವೂ ಉಳಿಯುವುದಿಲ್ಲ ಎಂದು ಕೃತಿಸ್ವಾಮ್ಯ ಕಾಯಿದೆಯೇ ಹೇಳುತ್ತದೆ. ಪದ್ಮಿನಿಯ ಬಾಗಿಲಿನ ಹಿಡಿಕೆಯನ್ನೋ ಹಳೆಯ ಜೀಪಿನ ಮಡ್‌ಗಾರ್ಡನ್ನೋ ಮತ್ತೆ ಮಾಡಲು ಈ ಹಕ್ಕುಗಳು ಇಂದು ಅಡ್ಡ ನಿಲ್ಲುವುದಿಲ್ಲ. ಅಡ್ಡ ಬರುವುದು ಟ್ರೇಡ್‌ಮಾರ್ಕ್ ಒಂದೇ. ಕಂಪನಿಯ ಹೆಸರನ್ನು ಕದ್ದು ಒತ್ತಬಾರದು. ವಿಪರ್ಯಾಸವೆಂದರೆ ನಕಲಿ ಮಾರುಕಟ್ಟೆ ನಡೆಯುವುದು ನೇರ ತಿರುವುಮುರುವಾಗಿ: ಮಾಡಲು ಅನುಮತಿ ಇರುವ ಭಾಗವನ್ನು ಕೆಟ್ಟದಾಗಿ ಮಾಡಿ, ಒತ್ತಲು ಅನುಮತಿ ಇಲ್ಲದ ಹೆಸರನ್ನು ಅಂದವಾಗಿ ಒತ್ತಿ ಮಾರಲಾಗುತ್ತದೆ.

ಹೆಸರಿನ ವಿಷಯದಲ್ಲಿ ಕಂಪನಿಗಳೂ ಹಿಂದೆ ಬಿದ್ದಿಲ್ಲ. 2014ರಲ್ಲಿ ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿ ನಿಂತಿತು. 2017ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಆ ಹೆಸರನ್ನು ಪ್ಯೂಜೊ ಗುಂಪಿಗೆ 80 ಕೋಟಿ ರೂಪಾಯಿಗೆ ಮಾರಿತು. ಸತ್ತ ಕಾರಿನ ಹೆಸರಿಗೆ 80 ಕೋಟಿ! ದೇಶದಲ್ಲಿ ಓಡುತ್ತಲೇ ಇರುವ ಅದರ ಒಡಹುಟ್ಟುಗಳಿಗೆ ಬೇಕಾದ ಭಾಗಗಳ ಹೊಣೆ ಯಾರದ್ದು ಎಂಬ ಚರ್ಚೆ ಆ ವ್ಯವಹಾರದ ಸುದ್ದಿಯಲ್ಲಿ ಮುಖ್ಯವಾಗಲಿಲ್ಲ. ಬಜಾಜ್ ತನ್ನ ಹಳೆಯ ಸ್ಕೂಟರಿನ ಚೇತಕ್ ಹೆಸರನ್ನು 2020ರಲ್ಲಿ ವಿದ್ಯುತ್ ಸ್ಕೂಟರಿಗೆ ಇಟ್ಟು ಮತ್ತೆ ಮಾರುಕಟ್ಟೆಗೆ ತಂದಿತು. ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮಾಡಿದ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿ ದಶಕಗಳ ನಂತರ ಆ ಎರಡೂ ಹೆಸರುಗಳು ಹೊಸ ಬೈಕುಗಳ ಟ್ಯಾಂಕಿನ ಮೇಲೆ ಮರಳಿದವು; ಯೆಜ್ಡಿ ಹೆಸರು ಯಾರದ್ದು ಎಂಬ ಜಗಳ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. ಹೆಸರಿಗಾಗಿ ವಕೀಲರನ್ನು ಇಡುವವರಿದ್ದಾರೆ. ಹಳೆಯ ಯೆಜ್ಡಿಯ ಒಂದು ಕಿಕ್ಕರ್ ಶಾಫ್ಟಿಗಾಗಿ ಯಾರೂ ಕೋರ್ಟಿಗೆ ಹೋದ ದಾಖಲೆ ಕಾಣುವುದಿಲ್ಲ.

ಈ ವ್ಯಾಪಾರದಲ್ಲಿ ತಪ್ಪೇನು ಎಂದು ಕೇಳಬಹುದು. ಹೆಸರು ಅವರದ್ದು, ಬಳಸಿಕೊಂಡರು. ಸರಿ. ಆದರೆ ಆ ಹೆಸರಿಗೆ ಬೆಲೆ ಬಂದದ್ದು ಹೇಗೆ? ಕಂಪನಿ ಮರೆತ ಮೇಲೂ ಹಳೆಯ ಗಾಡಿಯನ್ನು ಒರೆಸಿ, ತಳ್ಳಿ, ಬೆಸುಗೆ ಹಾಕಿಸಿ ರಸ್ತೆಯಲ್ಲಿ ಉಳಿಸಿದವರಿಂದ. ಮೆಕ್ಯಾನಿಕ್ಕು, ಟಿಂಕರು, ಪೇಂಟರು, ಹಳೆಯ ಟ್ಯಾಕ್ಸಿಯವರು, ಅಪ್ಪನ ಕಾರನ್ನು ಮಾರಲೊಪ್ಪದ ಮಕ್ಕಳು — ಇವರೆಲ್ಲ ಸಂಬಳವಿಲ್ಲದೆ ನಡೆಸಿದ ಜಾಹೀರಾತು ಅದು. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಾಗ ಪತ್ರಿಕೆಗಳೂ ಉದ್ಯಮಿಗಳೂ ಕಣ್ಣೀರು ಸುರಿಸಿದರು. ಕಣ್ಣೀರಿಗೆ ಖರ್ಚಿಲ್ಲ. ರಬ್ಬರಿನ ಅಚ್ಚಿಗೆ ಖರ್ಚಿದೆ.

ಸರ್ಕಾರದ ನಿಲುವು ಇನ್ನೂ ಸ್ವಾರಸ್ಯಕರ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು 50 ವರ್ಷ ದಾಟಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸುವ ವ್ಯವಸ್ಥೆ ಮಾಡಲಾಯಿತು. ಸಂಖ್ಯಾಫಲಕದಲ್ಲಿ 'ವಿಎ' ಎಂಬ ಗುರುತು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಮಾನ್ಯತೆ, ನವೀಕರಣಕ್ಕೆ 5,000. ಷರತ್ತೆಂದರೆ ವಾಹನ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ, ರ್‍ಯಾಲಿ, ಪ್ರದರ್ಶನ, ದುರಸ್ತಿ, ಇಂಧನಕ್ಕೆ ಮಾತ್ರ. ಷರತ್ತು ತಪ್ಪಲ್ಲ. ಆದರೆ ಮೂಲ ರೂಪದಲ್ಲಿಡು ಎಂದು ಆಜ್ಞೆ ಮಾಡುವ ಕಾನೂನು, ಮೂಲ ರೂಪದ ಭಾಗ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ. ಉಪವಾಸ ಮಾಡಬೇಡ ಎಂದು ಹೇಳಿ ಅಂಗಡಿ ಮುಚ್ಚಿದಂತೆ.

50 ವರ್ಷ ತುಂಬದ, ಆದರೆ ಹಳತಾದ ವಾಹನಗಳ ಪಾಡು ಇದಕ್ಕಿಂತ ಕಷ್ಟ. 1983ರ ಕೊನೆಗೆ ಬಂದ ಮೊದಲ ಮಾರುತಿ 800ಗಳು ವಿಂಟೇಜ್ ಆಗಲು 2033ರವರೆಗೆ ಕಾಯಬೇಕು. ಕೊನೆಯ ಅಂಬಾಸಡರ್ 2064ರವರೆಗೆ. ಅಲ್ಲಿಯತನಕ ಅವು ಬರೀ 'ಹಳೆಯ ಗಾಡಿ'. 2022ರಿಂದ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600ರಿಂದ 5,000ಕ್ಕೆ ಏರಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ ಅದು 10,000 ಆಯಿತು. ಹಳೆಯ ವಾಹನ ಸುರಕ್ಷಿತವಲ್ಲ ಎಂಬುದು ಇದಕ್ಕೆಲ್ಲ ಕೊಡುವ ಕಾರಣಗಳಲ್ಲೊಂದು. ಹಾಗಿದ್ದರೆ ಅದನ್ನು ಸುರಕ್ಷಿತವಾಗಿಡುವ ಬ್ರೇಕಿನ ಭಾಗಕ್ಕೆ ಗುಣಮಟ್ಟ ಖಾತರಿಪಡಿಸುವುದು ಮೊದಲ ಕೆಲಸವಾಗಬೇಕಿತ್ತು. ಶುಲ್ಕ ಹೆಚ್ಚಿಸಿದರೆ ಸೀಲು ಸರಿಹೋಗುವುದಿಲ್ಲ.

ಹೊಸ ಕಾರುಗಳ ಬಿಡಿಭಾಗಗಳ ವಿಷಯದಲ್ಲೇ ಉದ್ಯಮದ ಮನಸ್ಸು ಎಂಥದ್ದೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ತೋರಿಸಿಕೊಟ್ಟಿತ್ತು. ಬಿಡಿಭಾಗಗಳನ್ನೂ ದುರಸ್ತಿಯ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ ತಮ್ಮ ಜಾಲದೊಳಗೇ ಇಟ್ಟುಕೊಂಡದ್ದಕ್ಕಾಗಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ವಿಧಿಸಿತು. ದೇಶದ ದೊಡ್ಡ ಹೆಸರುಗಳೆಲ್ಲ ಆ ಪಟ್ಟಿಯಲ್ಲಿದ್ದವು. ಮುಂದೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ದಂಡದ ಲೆಕ್ಕ ಬದಲಾಯಿತು. 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿ ಮಾಡಿದಾಗ ಮೊಬೈಲು, ಗೃಹೋಪಕರಣ, ಕೃಷಿ ಯಂತ್ರಗಳ ಜೊತೆ ವಾಹನಗಳನ್ನೂ ಸೇರಿಸಿತು. ಒಳ್ಳೆಯದು. ಆದರೆ ತಯಾರಿ ನಿಂತ ಮಾದರಿಗಳ ನಕ್ಷೆ, ಅಚ್ಚುಗಳ ಗತಿ ಏನಾಗಬೇಕು ಎಂಬ ಪ್ರಶ್ನೆಯನ್ನು ಎತ್ತದೆ ದುರಸ್ತಿಯ ಹಕ್ಕು ಪೂರ್ತಿಯಾಗದು.

ಬೇರೆ ಕಡೆ ಇದು ಆಗಿದೆಯೇ? ಆಗಿದೆ. ಬ್ರಿಟನ್ನಿನಲ್ಲಿ 1975ರಲ್ಲಿ ಹುಟ್ಟಿದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಹಳೆಯ ಕಾರುಗಳ ಮೂಲ ಅಚ್ಚುಗಳನ್ನು ಕಾಪಾಡಿಕೊಂಡಿತು. 1980ರಲ್ಲಿ ತಯಾರಿ ನಿಂತ ಎಂಜಿಬಿ ಕಾರಿನ ಪೂರ್ತಿ ಬಾಡಿಯನ್ನು 1988ರಿಂದ ಅದೇ ಅಚ್ಚುಗಳಲ್ಲಿ ಮತ್ತೆ ಒತ್ತಿ ಮಾರತೊಡಗಿತು. ಜಪಾನಿನ ಟೊಯೋಟಾ 2020ರಿಂದ ತನ್ನ ಹಳೆಯ ಸುಪ್ರಾ ಕಾರುಗಳ ನಿಂತುಹೋದ ಭಾಗಗಳನ್ನು ತಾನೇ ಮರುತಯಾರಿಸುತ್ತಿದೆ. ಜರ್ಮನಿಯ ಪೋರ್ಷೆ, ಕೆಲವೇ ಕೆಲವು ಬೇಕಾಗುವ ಭಾಗಗಳನ್ನು 3ಡಿ ಮುದ್ರಣದಲ್ಲಿ ಮಾಡಿಕೊಡುತ್ತಿದೆ. ಇವೆಲ್ಲ ಶ್ರೀಮಂತ ದೇಶಗಳ ಮಾತು ಎನ್ನುವವರು ಫಿಲಿಪ್ಪೀನ್ಸ್ ಕಡೆ ನೋಡಲಿ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಬಾಡಿಯನ್ನು ಮೂಲದ ಅಳತೆಗೆ ಒತ್ತಿ ಜಗತ್ತಿಗೆಲ್ಲ ಮಾರುವ ಎಂ.ಡಿ. ಹುವಾನ್ ಎಂಬ ಕಂಪನಿ ಇರುವುದು ಅಲ್ಲಿ. ಜೀಪನ್ನು ದಶಕಗಟ್ಟಲೆ ತಯಾರಿಸಿದ ಭಾರತದಲ್ಲಿ ಅಲ್ಲ.

ಭಾರತಕ್ಕೂ ಈ ವಿದ್ಯೆ ಗೊತ್ತಿತ್ತು. 1972ರಲ್ಲಿ ಲಕ್ನೋದಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ಕೂಟರ್ಸ್ ಇಂಡಿಯಾ ಇಟಲಿಯ ಲ್ಯಾಂಬ್ರೆಟಾ ಸ್ಕೂಟರಿನ ಯಂತ್ರ, ಅಚ್ಚುಗಳನ್ನೇ ಕೊಂಡು ತಂದಿತು. ಇಟಲಿಯಲ್ಲಿ ತಯಾರಿ ನಿಂತ ಮೇಲೂ ಬ್ರಿಟನ್ನಿನ ಲ್ಯಾಂಬ್ರೆಟಾ ಪ್ರಿಯರ ಗಾಡಿಗಳಿಗೆ ಲಕ್ನೋದ ಭಾಗಗಳು ಹೋಗುತ್ತಿದ್ದವು. ಅಚ್ಚು ಉಳಿದರೆ ಗಾಡಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇನ್ನು ಸಂಖ್ಯೆಯ ತಕರಾರು. ನೂರು ಜನ ಕೊಳ್ಳುವ ಭಾಗಕ್ಕೆ ಅಚ್ಚು ಮಾಡಿಸಿದರೆ ಗಿಟ್ಟುವುದೇ? ಲೆಕ್ಕಕ್ಕೆಂದು ಒಂದು ರಬ್ಬರ್ ಬೀಡಿಂಗಿನ ಅಚ್ಚಿಗೆ ಎರಡು ಲಕ್ಷ ಎಂದಿಟ್ಟುಕೊಳ್ಳೋಣ. ನೂರು ಮಂದಿ ಮುಂಗಡ ಕೊಟ್ಟರೆ ತಲೆಗೆ ಎರಡು ಸಾವಿರ, ಮೇಲೆ ರಬ್ಬರಿನ ಬೆಲೆ. ಕಳಪೆ ಬೀಡಿಂಗನ್ನು ಎರಡು ಮಳೆಗಾಲಕ್ಕೊಮ್ಮೆ ಬದಲಿಸಿ, ಒಳಗೆ ನೀರಿಳಿದು ಕೊಳೆತ ತಗಡಿಗೆ ಬೆಸುಗೆ ಹಾಕಿಸಿ, ಮತ್ತೆ ಬಣ್ಣ ಹೊಡೆಸುವವನು ಇದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾನೆ. ತೊಂದರೆ ಇರುವುದು ಹಣದಲ್ಲಲ್ಲ. ಆ ನೂರು ಮಂದಿಯನ್ನು ಒಂದು ಕಡೆ ಸೇರಿಸಿ, ನಂಬಿಕೆ ಹುಟ್ಟಿಸುವ ಒಬ್ಬ ತಯಾರಕನ ಮುಂದೆ ನಿಲ್ಲಿಸುವುದರಲ್ಲಿ.

ಆ ತಯಾರಕ ಸಿಗಬೇಕಾದ ಜಾಗವೇ ಈ ಎರಡು ಊರು. ಸಂಭಾಜಿನಗರದಲ್ಲಿ ಅಚ್ಚು, ಡೈ ಮಾಡುವುದನ್ನೇ ಕಲಿಸುವ ಇಂಡೋ-ಜರ್ಮನ್ ಟೂಲ್ ರೂಮ್ ಇದೆ. ಪ್ಲಾಸ್ಟಿಕ್ ಶಿಕ್ಷಣದ ಕೇಂದ್ರ ಸಂಸ್ಥೆ ಸಿಪೆಟ್‌ನ ಶಾಖೆ ಇದೆ. ವಾಳೂಜ್‌ನಲ್ಲಿ ಸಣ್ಣ ಘಟಕಗಳು ಸೌಲಭ್ಯ ಹಂಚಿಕೊಳ್ಳಲೆಂದೇ ಕಟ್ಟಿದ ಮರಾಠವಾಡಾ ಆಟೋ ಕ್ಲಸ್ಟರ್ ಇದೆ. 2025ರ ಜೂನ್‌ನಲ್ಲಿ ಪೂರ್ತಿಯಾಗಿ ತೆರೆದ 701 ಕಿ.ಮೀ. ಉದ್ದದ ಮುಂಬಯಿ–ನಾಗ್ಪುರ ಸಮೃದ್ಧಿ ಮಹಾಮಾರ್ಗ ಎರಡೂ ಜಿಲ್ಲೆಗಳನ್ನು ಹಾದು ಹೋಗುತ್ತದೆ. ಮಕ್ಕಳಿಗೆ ಅಚ್ಚು ಮಾಡುವುದನ್ನು ಕಲಿಸಲು ಹೇಗೂ ಏನಾದರೊಂದು ತುಂಡು ಬೇಕು. ಅದು ಯಾರಿಗೂ ಬೇಡದ ಮಾದರಿ ತುಂಡೇ ಯಾಕಾಗಬೇಕು? ಪದ್ಮಿನಿಯ ಹಿಂದೀಪದ ಗಾಜಿನ ಅಂಚೋ, ಅಂಬಾಸಡರಿನ ಬಾಗಿಲ ಹಿಡಿಕೆಯೋ ಆದರೆ ಕಲಿಕೆಯೂ ಆಯಿತು, ಕಾರೂ ಉಳಿಯಿತು. ಬೆಂಗಳೂರಿನ ಪೀಣ್ಯಕ್ಕೆ, ಬೆಳಗಾವಿಯ ಎರಕದ ಕಾರ್ಖಾನೆಗಳಿಗೆ ಇದೇ ಮಾತು ಅನ್ವಯಿಸುತ್ತದೆ.

ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ದೂರದ ಎಲ್ಲೋರದಲ್ಲಿ, ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದಲ್ಲಿ ಬಂಡೆಯನ್ನೇ ಕಡೆದ ಕೈಲಾಸ ದೇವಾಲಯವಿದೆ. ಅಲ್ಲಿಗೆ ಹೋಗುವ ಕನ್ನಡಿಗರು ಹೆಮ್ಮೆಯಿಂದ ಕತ್ತೆತ್ತಿ ನೋಡುತ್ತಾರೆ. ಸ್ಮಾರಕಗಳ ಸಂರಕ್ಷಣೆಗೆ 1964ರ ವೆನಿಸ್ ಸನ್ನದು ಒಂದು ಸರಳ ಸೂತ್ರ ಕೊಟ್ಟಿತು: ಕಳೆದುಹೋದದ್ದರ ಜಾಗಕ್ಕೆ ಹೊಸದನ್ನು ಇಟ್ಟರೆ ಅದು ಒಟ್ಟಂದಕ್ಕೆ ಹೊಂದಬೇಕು, ಆದರೆ ಹೊಸದು ಎಂದು ಗುರುತು ಸಿಗಬೇಕು. ಕಾರಿನ ಭಾಗಕ್ಕೂ ಇದೇ ಸೂತ್ರ ಸಾಕು. ಅಳತೆ ಮೂಲದ್ದಿರಲಿ, ವಸ್ತು ಇಂದಿನ ಇಂಧನಕ್ಕೂ ರಸ್ತೆಗೂ ತಕ್ಕದ್ದಿರಲಿ, ಮೇಲೆ ಮಾಡಿದವನ ಹೆಸರು, ವರ್ಷ, ರಬ್ಬರಿನ ಜಾತಿ ಒತ್ತಿರಲಿ. ಮೂಲದ ಸೋಗು ಹಾಕದ ಪ್ರಾಮಾಣಿಕ ನಕಲು ಅದು.

ಕಾರನ್ನು ಕೈಲಾಸಕ್ಕೆ ಹೋಲಿಸುವುದು ಅತಿಯಾಯಿತು ಎನ್ನುವವರಿಗೆ ಒಂದು ಇತಿಹಾಸ ನೆನಪಿಸಬೇಕು. 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟಲು ಮೈಸೂರು ಸಂಸ್ಥಾನ ಕೈಜೋಡಿಸಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಕೊನೆಗೆ ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅದೇ ಕಂಪನಿಯ ಪದ್ಮಿನಿ, ಈ ದೇಶ ತಗಡು ಬಾಗಿಸುವುದನ್ನು, ಎಂಜಿನ್ ಎರಕ ಹೊಯ್ಯುವುದನ್ನು ಹೇಗೆ ಕಲಿಯಿತು ಎಂಬುದರ ದಾಖಲೆ. ಆ ದಾಖಲೆ ಓಡುತ್ತಿರುವಾಗ ಮಾತ್ರ ಓದಲು ಬರುತ್ತದೆ.

ಮಾಲೀಕರನ್ನೂ ಬಿಡುವಂತಿಲ್ಲ. ಬಣ್ಣಕ್ಕೆ ಲಕ್ಷ ಸುರಿದು ಬ್ರೇಕಿನ ಹೋಸಿಗೆ ಇನ್ನೂರು ರೂಪಾಯಿ ಚೌಕಾಸಿ ಮಾಡುವವರು ಅವರೇ. ತಾಮ್ರ, ನಿಕ್ಕಲ್‌ಗಳ ತಳಪದರವಿಲ್ಲದೆ ಬರೀ ಮಿಂಚಿಗಾಗಿ ಕ್ರೋಮ್ ತೆಳುವಾಗಿ ಹೊಡೆಸಿ, ಒಂದು ಮಳೆಗಾಲಕ್ಕೆ ಬಂಪರ್ ತುಕ್ಕು ಹಿಡಿದಾಗ ಅಂಗಡಿಯವನನ್ನು ಬೈಯುವವರೂ ಅವರೇ. ಒಳ್ಳೆಯ ಭಾಗ ಸಿಗುವ ವಿಳಾಸವನ್ನು ಗುಟ್ಟಾಗಿಟ್ಟುಕೊಳ್ಳುವ ಚಾಳಿಯೂ ಅವರದ್ದೇ. ಗುಟ್ಟಿನಿಂದ ಒಂದು ಕಾರು ಮೆರೆಯಬಹುದು. ನೂರು ಕಾರು ಉಳಿಯುವುದು ಹಂಚಿಕೊಂಡಾಗ. ರ್‍ಯಾಲಿಗೆ ಒಟ್ಟಾಗುವ ಸಂಘಗಳು ವರ್ಷಕ್ಕೆ ಒಂದೇ ಒಂದು ಭಾಗದ ಅಚ್ಚು ಮಾಡಿಸಲು ಒಟ್ಟಾದರೆ ಹತ್ತು ವರ್ಷದಲ್ಲಿ ಹತ್ತು ಭಾಗ ಸಿದ್ಧ.

ಬೇಡಿಕೆಗಳು ದೊಡ್ಡವಲ್ಲ. ತಯಾರಿ ನಿಂತು 20 ವರ್ಷ ದಾಟಿದ ಮಾದರಿಯ ಭಾಗಗಳನ್ನು ಕಂಪನಿ ತಾನು ಮಾಡಿಕೊಡಲಿ. ಇಲ್ಲವಾದರೆ ನಕ್ಷೆಗಳನ್ನು ನ್ಯಾಯವಾದ ಶುಲ್ಕಕ್ಕೆ ಬೇರೆಯವರಿಗೆ ಕೊಡಲಿ. ಅಚ್ಚನ್ನು ಗುಜರಿಗೆ ಹಾಕುವ ಮುನ್ನ ಯಾರಿಗಾದರೂ ಬೇಕೇ ಎಂದು ಬಹಿರಂಗವಾಗಿ ಕೇಳಲಿ. ಬ್ರೇಕು ಮತ್ತು ಇಂಧನಕ್ಕೆ ಸಂಬಂಧಿಸಿದ ಮರುತಯಾರಿ ಭಾಗಗಳಿಗೆ ಸರ್ಕಾರ ಸಣ್ಣ ಘಟಕಗಳಿಗೂ ಎಟುಕುವ ಪರೀಕ್ಷೆ, ಗುರುತಿನ ವ್ಯವಸ್ಥೆ ಮಾಡಲಿ. ವಿಂಟೇಜ್ ನೋಂದಣಿಯ 20,000 ರೂಪಾಯಿಯಲ್ಲಿ ಒಂದು ಪಾಲು ಅದಕ್ಕೆ ಹೋಗಲಿ. ಮಾಲೀಕರು ಹೆಸರಿಲ್ಲದ ಪೊಟ್ಟಣ ಕೊಳ್ಳುವುದನ್ನು ನಿಲ್ಲಿಸಲಿ.

ಇದು ಹಳೆಯ ಕಾರುಗಳಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡವರು ಶೇಂದ್ರಾದಲ್ಲಿ 2001ರಿಂದ ಜೋಡಣೆಯಾದ ಮೊದಲ ಆಕ್ಟೇವಿಯಾಗಳನ್ನು ನೋಡಬೇಕು. ಅವಕ್ಕೆ ಈಗ ಕಾಲು ಶತಮಾನದ ವಯಸ್ಸು. ಅವನ್ನು ಪ್ರೀತಿಯಿಂದ ಉಳಿಸಿಕೊಳ್ಳುತ್ತಿರುವವರು ಈಗಾಗಲೇ ಇದ್ದಾರೆ. ಪದ್ಮಿನಿಯ ಭಾಗವನ್ನು ಜಾಣ ಟರ್ನರ್ ಒಬ್ಬ ಲೇತಿನಲ್ಲಿ ಹೇಗೋ ಮಾಡಿಯಾನು. ಆಕ್ಟೇವಿಯಾದ ಕಂಪ್ಯೂಟರ್ ಪೆಟ್ಟಿಗೆಯನ್ನು ಯಾವ ಲೇತೂ ಕಡೆಯಲಾರದು. ಇಂದಿನ ವಿದ್ಯುತ್ ಕಾರುಗಳ ಸರದಿ ಬಂದಾಗ, ಅವುಗಳ ತಂತ್ರಾಂಶದ ಕೀಲಿ ಕಂಪನಿಯ ಕೈಯಲ್ಲೇ ಉಳಿದರೆ, ಮರುಜೀವ ಎಂಬ ಮಾತಿಗೇ ಅರ್ಥವಿರುವುದಿಲ್ಲ. ರಬ್ಬರಿನ ಒಂದು ತುಂಡಿಗೆ ಇಂದು ಹೊಣೆ ಹೊರಲು ಒಪ್ಪದ ಉದ್ಯಮ, ನಾಳೆ ಆ ಕೀಲಿಯನ್ನು ತಾನಾಗಿ ಕೊಟ್ಟೀತು ಎಂದು ನಂಬಲು ಕಾರಣವಿಲ್ಲ. ಕೇಳುವುದಾದರೆ ರಬ್ಬರಿನಿಂದಲೇ ಕೇಳಲು ಶುರುಮಾಡಬೇಕು.